ಆಟಿಸಂ, ಎಡಿಎಚ್‌ಡಿ, ಡಿಸ್ಲೆಕ್ಸಿಯಾ ಇರುವವರಿಗೆ ಕ್ವಾಂಟಂ ಕಂಪ್ಯೂಟಿಂಗಿನಲ್ಲಿ ದಾರಿ ಎಂತ ಉಂಟು?

ಪಯಸ್ವಿನಿ_ದಡ
ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಕನ್ನಡ ಮೀಡಿಯಂ ಶಾಲೆಗಳಿಗೆ ಕೊಡ್ಲಿಕ್ಕೆ "ಪ್ಲಸ್ ಟೂ ಆದ ಮೇಲೆ ಎಂತ" ಅಂತ ಒಂದು ಪುಸ್ತಿಕೆ ತಯಾರಾಗ್ತಾ ಉಂಟು. ಅದರಲ್ಲಿ ಕ್ವಾಂಟಂ ಕಂಪ್ಯೂಟಿಂಗಿಗೆ ನಾಲ್ಕು ಪುಟ. ಆಟಿಸಂ, ಎಡಿಎಚ್‌ಡಿ (ಗಮನ ನಿಲ್ಲಿಸ್ಲಿಕ್ಕೆ ಕಷ್ಟ ಆಗುವುದು), ಡಿಸ್ಲೆಕ್ಸಿಯಾ (ಓದು-ಬರಹದ ಕಷ್ಟ) ಇರುವ ಮಕ್ಕಳು ಓದಿದ್ರೆ ಅವರಿಗೆ ಕೈಗೆ ಎಂತಾದ್ರೂ ಸಿಗ್ಬೇಕು.

ಸರಕಾರ ದುಡ್ಡು ಹಾಕುವುದು ಗೊತ್ತುಂಟು. 2023ರ ಏಪ್ರಿಲ್ 19ಕ್ಕೆ ಕೇಂದ್ರ ಸಂಪುಟ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ 6003.65 ಕೋಟಿ ರೂಪಾಯಿ ಒಪ್ಪಿತು, ಅವಧಿ 2030–31ರ ವರೆಗೆ. ಕಂಪ್ಯೂಟಿಂಗ್ ಹಬ್ ಬೆಂಗಳೂರಿನ ಐಐಎಸ್‌ಸಿಯಲ್ಲಿ. ಗೊತ್ತಿಲ್ಲದ್ದು ಒಳಗಿನ ಸಂಗತಿ: ಬೆಳಿಗ್ಗೆಯಿಂದ ಸಂಜೆವರೆಗೆ ಈ ಕೆಲಸದಲ್ಲಿ ಎಂತ ಮಾಡ್ತಾರೆ, ಯಾರಿಗೆ ಎಲ್ಲಿ ಮುಳ್ಳು ಚುಚ್ಚುತ್ತದೆ, 8 ಜಿಬಿ ಲ್ಯಾಪ್‌ಟಾಪಿನಲ್ಲಿ ಎಂತ ಕಲೀಲಿಕ್ಕೆ ಆಗ್ತದೆ, ಸರ್ಟಿಫಿಕೇಟ್ ಕೇರಳದ್ದಾ ಕರ್ನಾಟಕದ್ದಾ.

"ಇಂಥ ಮಕ್ಕಳೆಲ್ಲ ಜೀನಿಯಸ್" ಅನ್ನುವ ವಾಟ್ಸಾಪ್ ಫಾರ್ವರ್ಡ್ ದಯಮಾಡಿ ಹಾಕ್ಬೇಡಿ.

ಅಡಿಕೆಸೋಗೆ
ಫಾರ್ವರ್ಡ್ ಅಲ್ಲ, ಆದ್ರೂ ಹೇಳ್ತೇನೆ. ಕ್ವಾಂಟಂ ಭೌತವಿಜ್ಞಾನಿ ಪಾಲ್ ಡಿರಾಕ್‌ಗೆ ಆಟಿಸಂ ಇತ್ತು ಅಂತಾರೆ. ಈ ಕ್ಷೇತ್ರದ ಅರ್ಧ ಬರವಣಿಗೆಯೇ ಅವರ ಬ್ರಾ-ಕೆಟ್ ಚಿಹ್ನೆಯಲ್ಲಿ (ಕ್ವಾಂಟಂ ಸ್ಥಿತಿಯನ್ನು ಬರೆಯುವ ರೀತಿ) ಉಂಟಲ್ಲ.

ಶೂನ್ಯ_ಒಂದು
ಅಂತಾರೆ, ಅಷ್ಟೇ. ಯಾವ ವೈದ್ಯರೂ ಡಿರಾಕ್‌ರನ್ನು ಪರೀಕ್ಷೆ ಮಾಡಿದ್ದಿಲ್ಲ, 1984ರಲ್ಲಿ ತೀರಿಕೊಂಡರು. ಸತ್ತವರಿಗೆ ಸರ್ಟಿಫಿಕೇಟ್ ಬರೆದು ಬದುಕಿರುವ ಮಕ್ಕಳ ತಲೆ ಮೇಲೆ ನೊಬೆಲ್ ಹೊರೆ ಇಡುವುದು ಬೇಡ. ಇನ್ನು ಆ ಚಿಹ್ನೆ 1939ರದ್ದು. ಡಿಸ್ಲೆಕ್ಸಿಯಾ ಇರುವವರಿಗೆ ಅತಿ ಹೆಚ್ಚು ತೊಂದರೆ ಕೊಡುವುದೂ ಅದೇ! ಅದರ ಬಗ್ಗೆ ಆಮೇಲೆ ಬರೀತೇನೆ.

ಹೀಲಿಯಂ_ಮೂರು
ಮೊದಲು ಸದ್ದಿನ ಬಗ್ಗೆ ಬರೀರಿ. ಯಾವ ಬ್ರೋಷರಿನಲ್ಲೂ ಅದು ಇರುವುದಿಲ್ಲ.

ಕ್ವಾಂಟಂ ಕಂಪ್ಯೂಟರಿನ ಫೋಟೋದಲ್ಲಿ ಕಾಣುವ ಚಿನ್ನದ ಬಣ್ಣದ ಗೊಂಚಲು ಅಂದ್ರೆ ಡೈಲ್ಯೂಷನ್ ರೆಫ್ರಿಜರೇಟರಿನ ಒಳಭಾಗ. ಹೀಲಿಯಂ-3 ಮತ್ತು ಹೀಲಿಯಂ-4 ಮಿಶ್ರಣದಿಂದ ಅಡಿಯ ತಟ್ಟೆಯನ್ನು 10–20 ಮಿಲಿಕೆಲ್ವಿನ್‌ಗೆ ಇಳಿಸ್ತದೆ. ಅದಕ್ಕೆ ಮೊದಲು 4 ಕೆಲ್ವಿನ್ ವರೆಗೆ ತಂಪು ಮಾಡುವುದು ಪಲ್ಸ್ ಟ್ಯೂಬ್. ಸೆಕೆಂಡಿಗೆ ಒಂದರಿಂದ ಒಂದೂವರೆ ಸಲ "ಚುಯ್ಂ... ಚುಯ್ಂ..." ಅಂತ ಕೂಗ್ತಾ ಇರ್ತದೆ, ಹಗಲು ರಾತ್ರಿ, ತಿಂಗಳುಗಟ್ಟಲೆ. ಅದರ ಅಡಿಯಲ್ಲಿ ಕಂಪ್ರೆಸರಿನ ಗುಂಯ್ ಬೇರೆ, ಎಲೆಕ್ಟ್ರಾನಿಕ್ಸ್ ರ‍್ಯಾಕಿನ ಫ್ಯಾನ್ ಬೇರೆ. ಸದ್ದಿಗೆ ಮೈ ಜುಮ್ಮೆನ್ನುವವರಿಗೆ ಹದಿನೈದು ನಿಮಿಷವೂ ಕಷ್ಟ.

ಆದ್ರೆ ಒಂದು ಗುಟ್ಟುಂಟು. ಫ್ರಿಜ್ ಬಿಚ್ಚಿ ತಂತಿ ಜೋಡಿಸುವಾಗ ಪಲ್ಸ್ ಟ್ಯೂಬ್ ಆಫ್ ಇರ್ತದೆ, ಕೋಣೆ ಸುಮ್ಮನೆ. ಫ್ರಿಜ್ ತಣ್ಣಗಾದ ಮೇಲೆ ಅಳತೆ ಮಾಡುವವರು ಆ ಕೋಣೆಯಲ್ಲಿ ಕೂರುವ ಅಗತ್ಯವೇ ಇಲ್ಲ, ಉಪಕರಣ ಎಲ್ಲ ನೆಟ್‌ವರ್ಕಿನಲ್ಲಿ ಇರ್ತದೆ, ಪಕ್ಕದ ಕೋಣೆಯಿಂದ ನಡೆಸಬಹುದು. ಹಾಗಾಗಿ ಕೆಲಸಕ್ಕೆ ಸೇರುವಾಗ ಕೇಳ್ಬೇಕಾದ ಪ್ರಶ್ನೆ ಎರಡೇ: ಕಂಪ್ರೆಸರ್ ಬೇರೆ ಕೋಣೆಯಲ್ಲಿ ಉಂಟಾ? ಅಳತೆಯ ಕಂಪ್ಯೂಟರ್ ಎಲ್ಲಿ ಉಂಟು?

ಇನ್ನು ಜೋಡಣೆ. ಕ್ಯೂಬಿಟಿಗೆ (ಕ್ವಾಂಟಂ ಕಂಪ್ಯೂಟರಿನ ಬಿಟ್) ಹೋಗುವ ಪ್ರತಿ ಮೈಕ್ರೋವೇವ್ ಲೈನಿನಲ್ಲಿ 4 ಕೆಲ್ವಿನ್ ತಟ್ಟೆಯಲ್ಲಿ 20 ಡೆಸಿಬೆಲ್, 100 ಮಿಲಿಕೆಲ್ವಿನ್ ಹತ್ತಿರ 20, ಕೆಳಗಿನ ತಟ್ಟೆಯಲ್ಲಿ 20, ಸಾಮಾನ್ಯವಾಗಿ ಹೀಗೆ ಸಂಕೇತ ತಗ್ಗಿಸುವ ಅಟೆನ್ಯುಯೇಟರ್ ಹಾಕ್ತಾರೆ. ಯಾಕೆ? ಕೋಣೆಯ ಬಿಸಿಯಲ್ಲಿ 5 ಗಿಗಾಹರ್ಟ್ಸ್‌ಗೆ ಸುಮಾರು 1250 ಉಷ್ಣ ಫೋಟಾನ್ ಇರ್ತವೆ, ಅದು ಹಾಗೇ ಕೆಳಗೆ ಬಂದ್ರೆ ಕ್ಯೂಬಿಟ್ ಬೆಂದು ಹೋಗ್ತದೆ. ಪ್ರತಿ ಜೋಡಣೆಗೂ ಎಸ್‌ಎಂಎ ಕನೆಕ್ಟರ್, 8 ಮಿಲಿಮೀಟರಿನ ಟಾರ್ಕ್ ಸ್ಪ್ಯಾನರ್. ಸ್ಟೈನ್‌ಲೆಸ್ ಆದ್ರೆ ಸುಮಾರು 1 ನ್ಯೂಟನ್ ಮೀಟರ್, ಹಿತ್ತಾಳೆ ಆದ್ರೆ 0.56. "ಟಕ್" ಅಂದ ಕೂಡ್ಲೇ ನಿಲ್ಲಿಸಿ ನಟ್ಟಿನಿಂದ ಬಾಡಿಗೆ ಅಡ್ಡವಾಗಿ ಮಾರ್ಕರ್ ಗೆರೆ ಎಳೀಬೇಕು. ಆಮೇಲೆ ನಟ್ಟು ಸಡಿಲಾದ್ರೆ ಗೆರೆ ಮುರಿದು ಕಾಣ್ತದೆ. ನೂರಿನ್ನೂರು ಜೋಡಣೆಯಲ್ಲಿ ಒಂದು ಬಿಟ್ಟು ಹೋದ್ರೆ ಗೊತ್ತಾಗುವುದು ತಣ್ಣಗಾದ ಮೇಲೆ. ತಣ್ಣಗಾಗ್ಲಿಕ್ಕೆ ಎರಡು ದಿನ, ಬಿಸಿ ಮಾಡ್ಲಿಕ್ಕೆ ಒಂದೆರಡು ದಿನ, ಪುನಃ ತಂಪಿಗೆ ಎರಡು ದಿನ. ವಾರ ಹೋಯ್ತು. ಒಂದೇ ಕ್ರಮವನ್ನು ಬೇಸರ ಇಲ್ಲದೆ ನೂರು ಸಲ ಮಾಡುವವರು, "ಇದು ಸ್ವಲ್ಪ ಬೇರೆ ಕಾಣ್ತದಲ್ಲ" ಅಂತ ಗುರುತಿಸುವವರು ಇಲ್ಲಿ ಬೇಕು.

ವಾಸನೆ, ಮುಟ್ಟುವಿಕೆಯೂ ಉಂಟು: ದಿನವಿಡೀ ನೈಟ್ರೈಲ್ ಗ್ಲೌಸ್, ಐಸೋಪ್ರೊಪೈಲ್ ಆಲ್ಕೋಹಾಲ್, ವಾರ್ನಿಶ್. ಗ್ಲೌಸ್ ತಡಕೊಳ್ಳಲಿಕ್ಕೆ ಆಗದವರಿಗೆ ಈ ಕೆಲಸ ಸುಖ ಆಗ್ಲಿಕ್ಕಿಲ್ಲ. ಅದನ್ನೂ ಬರೀರಿ.

ಬೇಕಲ_ಗಾಳಿ
ಸದ್ದಿಗೆ ಒಳ್ಳೆ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ಹಾಕ್ಕೊಂಡ್ರೆ ಆಯ್ತಲ್ಲ, ಇಷ್ಟುದ್ದ ಯಾಕೆ.

ಹೀಲಿಯಂ_ಮೂರು
ಆಗುವುದಿಲ್ಲ. ದ್ರವ ನೈಟ್ರೋಜನ್ ಇರುವ ಕೋಣೆಯಲ್ಲಿ ಆಕ್ಸಿಜನ್ ಅಲಾರಂ ಇರ್ತದೆ. 1 ಲೀಟರ್ ದ್ರವ ಸುಮಾರು 700 ಲೀಟರ್ ಅನಿಲ ಆಗ್ತದೆ, ಕೋಣೆಯ ಗಾಳಿಯನ್ನು ತಳ್ಳಿಬಿಡ್ತದೆ. ಆಕ್ಸಿಜನ್ ಶೇ 19.5ಕ್ಕಿಂತ ಕೆಳಗಿಳಿದ್ರೆ ಅಲಾರಂ ಕೂಗ್ಬೇಕು, ನಿಮಗೆ ಕೇಳ್ಬೇಕು. ಹೆಡ್‌ಫೋನ್ ಹಾಕಿ ಹಾಡು ಕೇಳ್ತಾ ಇದ್ರೆ ಕಥೆ ಮುಗೀತು. ಎಲ್ಲ ಸದ್ದನ್ನೂ ಒಂದಿಷ್ಟು ತಗ್ಗಿಸುವ ಇಯರ್ ಪ್ಲಗ್ ಬೇರೆ, ಪೂರ್ತಿ ಮುಚ್ಚುವುದು ಬೇರೆ. ಅಲಾರಮಿಗೆ ಮಿಂಚುವ ದೀಪವನ್ನೂ ಸೇರಿಸಿ ಅಂತ ಕೇಳಿ. ಅದು ದೊಡ್ಡ ಖರ್ಚಲ್ಲ, ಕಿವಿ ಕೇಳಿಸದವರಿಗೂ ಬೇಕಾದದ್ದು. ಬೆಳಕಿನ ಮಿಣುಕು ತಡೆಯದವರು ಇದ್ರೆ ದೀಪ ಯಾವುದು ಅಂತ ಮೊದಲೇ ತೋರಿಸಿಡ್ಬೇಕು.

ಬೇಕಲ_ಗಾಳಿ
ಸರಿ, ಮಾತು ಹಿಂತೆಗೆದುಕೊಂಡೆ.

ಮಂಜೇಶ್ವರ_ಪ್ಯಾಸೆಂಜರ್
ಅಯಾನು, ಫೋಟಾನನ್ನೇ ಕ್ಯೂಬಿಟ್ ಮಾಡುವ ಲ್ಯಾಬು ಬೇರೆ ತರ. ಅಲ್ಲಿ ಸದ್ದು ಕಡಿಮೆ, ಕತ್ತಲು ಜಾಸ್ತಿ. ಲೇಸರ್ ಕನ್ನಡಕ ಕಡ್ಡಾಯ, ವಾಚು ಉಂಗುರ ತೆಗೀಬೇಕು (ಲೇಸರ್ ತಾಗಿ ಪ್ರತಿಫಲಿಸಿ ಕಣ್ಣಿಗೆ ಬರ್ತದೆ). ಕನ್ನಡಿಯ ಸ್ಕ್ರೂ ಕೂದಲೆಳೆ ತಿರುಗಿಸಿ ಪವರ್ ಮೀಟರ್ ನೋಡುವ ಕೆಲಸ ಗಂಟೆಗಟ್ಟಲೆ. ಒಂದರಲ್ಲಿ ಮುಳುಗಿದ್ರೆ ಹೊಟ್ಟೆ ಹಸಿವೂ ಗೊತ್ತಾಗದ ಎಡಿಎಚ್‌ಡಿಯವರಿಗೆ ಹಿಡಿಸ್ತದೆ. ಆದ್ರೆ ನಡುವೆ ಯಾರಾದ್ರೂ "ಸ್ವಲ್ಪ ಇಲ್ಲಿ ಬಾ" ಅಂದ್ರೆ ಎಲ್ಲಿ ನಿಲ್ಲಿಸಿದ್ದು ಅಂತ ಮರೆತು ಹೋಗ್ತದೆ. ಪ್ರತಿ ತಿರುಗಣೆಗೂ "ಕನ್ನಡಿ 2, ಬಲಕ್ಕೆ, 3.1ರಿಂದ 3.4 ಮಿಲಿವ್ಯಾಟ್" ಅಂತ ಒಂದು ಸಾಲು ಬರೆದು ಮುಂದೆ ಹೋಗುವುದು ಪಾಠ ಆಗ್ಬೇಕು.

ಕುಂಬಳೆ_ಕೋಟೆ
ಇದೆಲ್ಲ ಐಐಟಿ, ಐಐಎಸ್‌ಸಿ ಕಥೆ ಆಯ್ತು ಮಾರಾಯ್ರೆ. ಕಾಸರಗೋಡಿನಲ್ಲಿ ಕೂತ ಮಕ್ಕಳಿಗೆ ಫ್ರಿಜ್ ಎಲ್ಲಿಂದ? ಮೊನ್ನೆಯ ಗಾಳಿಮಳೆಗೆ ಇಲ್ಲಿ ಕರೆಂಟೇ ಎರಡು ದಿನ ಇರ್ಲಿಲ್ಲ.

ಶೂನ್ಯ_ಒಂದು
ಅದಕ್ಕೇ ಸಾಫ್ಟ್‌ವೇರ್ ಮೊದಲು. ಕರೆಂಟ್ ಹೋದ್ರೂ ಕ್ಲೌಡಿಗೆ ಕಳಿಸಿದ ಜಾಬ್ ಅಲ್ಲಿ ಓಡ್ತಾ ಇರ್ತದೆ.

ಈಗ ಡಿಸ್ಲೆಕ್ಸಿಯಾ ವಿಷಯ. ಕೆಟ್ |0⟩, ಬ್ರಾ ⟨0|. ಕನ್ನಡಿಯಲ್ಲಿ ತಿರುಗಿಸಿದ ಹಾಗೆ. ಇಂಗ್ಲಿಷಿನ ಬಿ ಮತ್ತು ಡಿ ಅದಲುಬದಲಾಗುವವರಿಗೆ ⟨0|1⟩ ಮತ್ತು |0⟩⟨1| ಎರಡೂ ಒಂದೇ ತರ ಕಾಣ್ತದೆ. ಮೊದಲನೆಯದು ಒಂದು ಸಂಖ್ಯೆ, ಎರಡನೆಯದು ಮ್ಯಾಟ್ರಿಕ್ಸ್! ಪರಿಹಾರ ಸರಳ: ಕೆಟ್ಟಿಗೆ ನೀಲಿ ಪೆನ್ನು, ಬ್ರಾಗೆ ಕೆಂಪು. ಮೊದಲ ಮೂರು ತಿಂಗಳು ಚೌಕುಳಿ ಪುಸ್ತಕದಲ್ಲಿ ಕೆಟ್ಟನ್ನು ನಿಂತ ಪೆಟ್ಟಿಗೆ, ಬ್ರಾವನ್ನು ಮಲಗಿದ ಪೆಟ್ಟಿಗೆ ಅಂತ ಬಿಡಿಸಿ. ನಿಂತದ್ದು ಎಡಕ್ಕೆ, ಮಲಗಿದ್ದು ಬಲಕ್ಕೆ ಬಂದ್ರೆ ದೊಡ್ಡ ಚೌಕ, ಅದು ಮ್ಯಾಟ್ರಿಕ್ಸ್. ತಿರುಗಾ ಬಂದ್ರೆ ಒಂದು ಚುಕ್ಕಿ, ಅದು ಸಂಖ್ಯೆ.

ಇನ್ನೊಂದು ಇದಕ್ಕಿಂತ ಕೆಟ್ಟದ್ದು, ಅದರಲ್ಲಿ ವಿದ್ಯಾರ್ಥಿಯ ತಪ್ಪು ಏನೂ ಇಲ್ಲ. ಕಿಸ್ಕಿಟ್‌ನಲ್ಲಿ (ಐಬಿಎಂನ ಉಚಿತ ಕ್ವಾಂಟಂ ಸಾಫ್ಟ್‌ವೇರ್) ಮೂರು ಕ್ಯೂಬಿಟ್ ತಗೊಂಡು 0ನೇ ಕ್ಯೂಬಿಟಿಗೆ ಮಾತ್ರ ಎಕ್ಸ್ ಗೇಟ್ (0 ಇದ್ದದ್ದನ್ನು 1 ಮಾಡುವ ಕ್ರಿಯೆ) ಹಾಕಿ ಅಳೆಯಿರಿ. ಉತ್ತರ "001". ಹೆಚ್ಚಿನ ಪಠ್ಯಪುಸ್ತಕಗಳ ಲೆಕ್ಕದಲ್ಲಿ ಅದೇ |100⟩. ಇಂಥದ್ದೇ ಬೇರೆ ಸಾಫ್ಟ್‌ವೇರ್ ಆದ ಸರ್ಕ್ ಮತ್ತು ಪೆನ್ನಿಲೇನ್ ಕೂಡ ಪುಸ್ತಕದ ಕ್ರಮದಲ್ಲೇ 0ನೇದನ್ನು ಎಡಕ್ಕೆ ಇಡ್ತವೆ. ಕಿಸ್ಕಿಟ್ ಮಾತ್ರ 0ನೇದನ್ನು ಬಲತುದಿಗೆ ಇಡ್ತದೆ, ನಾವು ಏಕ-ದಶ-ಶತ ಬರೆಯುವ ಹಾಗೆ. ಅದೇ ಕಾರಣಕ್ಕೆ ಸೀನಾಟ್ ಗೇಟಿನ (ಕಂಟ್ರೋಲ್ ಕ್ಯೂಬಿಟ್ 1 ಆದ್ರೆ ಮಾತ್ರ ಟಾರ್ಗೆಟನ್ನು ತಿರುಗಿಸುವುದು) ಮ್ಯಾಟ್ರಿಕ್ಸೂ ಬೇರೆ ಕಾಣ್ತದೆ: ಪುಸ್ತಕದಲ್ಲಿ 3 ಮತ್ತು 4ನೇ ಸಾಲು ಅದಲುಬದಲು, ಕಿಸ್ಕಿಟ್‌ನಲ್ಲಿ 0 ಕಂಟ್ರೋಲ್ 1 ಟಾರ್ಗೆಟ್ ಕೊಟ್ರೆ 2 ಮತ್ತು 4ನೇ ಸಾಲು. ಡಿಸ್ಲೆಕ್ಸಿಯಾ ಇರುವ ಮಗು ಇದನ್ನು ನೋಡಿ "ಪುನಃ ನಾನೇ ತಿರುಗಿಸಿ ಓದಿದೆ" ಅಂತ ಅಂದ್ಕೊಳ್ತದೆ, ಪುಸ್ತಕ ಮುಚ್ಚಿಡ್ತದೆ. ಇದನ್ನು ಮೊದಲ ಪುಟದಲ್ಲೇ ಹಾಕಿ.

ಚಂದ್ರಗಿರಿ_ಹೊಳೆ
ಇದು ಡಿಸ್ಲೆಕ್ಸಿಯಾ ಇಲ್ಲದವರಿಗೂ ಸಾಯುವಷ್ಟು ಕಾಟ. ರಿವರ್ಸ್ ಬಿಟ್ಸ್ ಅಂತ ಒಂದು ಫಂಕ್ಷನ್ ಉಂಟು, ಅದನ್ನು ಹಾಕಿದ್ರೆ ಪುಸ್ತಕದ ಕ್ರಮ ಬರ್ತದೆ.

ಶೂನ್ಯ_ಒಂದು
ಬರ್ತದೆ, ಆದ್ರೆ ಒಂದು ಕಡೆ ಹಾಕಿ ಇನ್ನೊಂದು ಕಡೆ ಮರೆತ್ರೆ ದುಪ್ಪಟ್ಟು ಗೊಂದಲ. ಸರ್ಕ್ಯೂಟ್ ಹಾಗೇ ಇರ್ಲಿ, ಚಿತ್ರ ಬಿಡಿಸುವಾಗ ಮಾತ್ರ ತಿರುಗಿಸುವ ಆಯ್ಕೆ ಉಂಟು, ಅಷ್ಟು ಸಾಕು. ನೋಟ್‌ಬುಕ್ಕಿನ ಮೇಲೆ ಬಾಣ ಹಾಕಿ "ಬಲತುದಿ = 0" ಅಂತ ಬರೆದಿಟ್ರೆ ಇನ್ನೂ ಒಳ್ಳೆದು.

ಓದಲಿಕ್ಕೆ ಇನ್ನೊಂದು ಅನುಕೂಲ: ಆರ್ಕೈವ್ ಜಾಲತಾಣದಲ್ಲಿ 2023ರ ಡಿಸೆಂಬರಿನಿಂದ ಹೊಸ ಸಂಶೋಧನಾ ಲೇಖನಗಳಿಗೆ ಪಿಡಿಎಫ್ ಜೊತೆ ಎಚ್‌ಟಿಎಂಎಲ್ ರೂಪವೂ ಸಿಗ್ತದೆ. ಎರಡು ಕಾಲಮಿನ ಪಿಡಿಎಫ್‌ನಲ್ಲಿ ಸಾಲು ತಪ್ಪುವವರು ಅಲ್ಲಿ ಅಕ್ಷರ ದೊಡ್ಡದು ಮಾಡಿ, ಒಂದೇ ಕಾಲಮಿನಲ್ಲಿ ಓದಬಹುದು. ಗಟ್ಟಿಯಾಗಿ ಓದಿ ಹೇಳುವ ಸಾಫ್ಟ್‌ವೇರ್ ಪಿಡಿಎಫ್‌ನ ಸೂತ್ರವನ್ನು ಚೂರುಚೂರು ಮಾಡ್ತದೆ, ಎಚ್‌ಟಿಎಂಎಲ್‌ನಲ್ಲಿ ವಾಸಿ.

ಪೊವ್ವಲ್_ಗುಡ್ಡೆ
8 ಜಿಬಿ ಲ್ಯಾಪ್‌ಟಾಪಿನ ಲೆಕ್ಕ. ಕ್ವಾಂಟಂ ಯಂತ್ರವನ್ನು ಅದರಲ್ಲಿ ಅನುಕರಣೆ (ಸಿಮ್ಯುಲೇಷನ್) ಮಾಡುವಾಗ ಪ್ರತಿ ಕ್ಯೂಬಿಟಿಗೆ ಮೆಮೊರಿ ಇಮ್ಮಡಿ ಆಗ್ತಾ ಹೋಗ್ತದೆ. 25 ಕ್ಯೂಬಿಟಿಗೆ ಅರ್ಧ ಜಿಬಿ, 28ಕ್ಕೆ 4 ಜಿಬಿ, 30ಕ್ಕೆ 16 ಜಿಬಿ. ಹಾಗಾಗಿ 8 ಜಿಬಿಯಲ್ಲಿ 28 ಕೊನೆ, 24–25ರಲ್ಲಿ ಇದ್ರೆ ಹಾಯಾಗಿರ್ತದೆ. ಕಲಿಕೆಗೆ 5 ಕ್ಯೂಬಿಟ್ ಧಾರಾಳ.

ನಿಜವಾದ ಯಂತ್ರ ಬೇಕಾದ್ರೆ ಐಬಿಎಂನ ಓಪನ್ ಪ್ಲಾನ್‌ನಲ್ಲಿ 28 ದಿನಕ್ಕೆ 10 ನಿಮಿಷ ಪುಕ್ಕಟೆ. ಹತ್ತು ನಿಮಿಷ ಅಂದ್ರೆ ಯಂತ್ರ ಓಡಿದ ಸಮಯ, ಸರತಿಯಲ್ಲಿ ಕಾದದ್ದು ಲೆಕ್ಕಕ್ಕಿಲ್ಲ.

ಎಲ್ಲರೂ ಬೀಳುವ ಗುಂಡಿ ಎಲ್ಲಿ ಅಂದ್ರೆ ಹಳೇ ಯೂಟ್ಯೂಬ್ ವಿಡಿಯೋ. ಕಿಸ್ಕಿಟ್ 1.0 ಬಂದದ್ದು 2024ರ ಫೆಬ್ರವರಿಯಲ್ಲಿ. ಅದರಲ್ಲಿ ಎಕ್ಸಿಕ್ಯೂಟ್ ಫಂಕ್ಷನ್ ತೆಗೆದುಹಾಕಿದ್ರು, ಏರ್ ಸಿಮ್ಯುಲೇಟರನ್ನು ಬೇರೆ ಪ್ಯಾಕೇಜ್ ಆಗಿ ಇನ್‌ಸ್ಟಾಲ್ ಮಾಡ್ಬೇಕು. ವಿಡಿಯೋ 2021ರದ್ದು ಆದ್ರೆ ಮೊದಲ ಸಾಲಿನಲ್ಲೇ ಇಂಪೋರ್ಟ್ ಎರರ್. ಬ್ರೌಸರಿನಲ್ಲೇ ಓಡಿಸುವ ಐಬಿಎಂ ಕ್ವಾಂಟಂ ಲ್ಯಾಬ್ 2024ರ ಮೇ ತಿಂಗಳಲ್ಲಿ ಮುಚ್ಚಿತು, ವಿಡಿಯೋದಲ್ಲಿ ಇನ್ನೂ ಅದನ್ನೇ ತೋರಿಸ್ತಾರೆ. ಇನ್ನೊಂದು: ಎಚ್ ಗೇಟ್ ಹಾಕಿದ ಸರ್ಕ್ಯೂಟನ್ನು ನೇರ ಯಂತ್ರಕ್ಕೆ ಕಳಿಸಿದ್ರೆ "ಈ ಗೇಟ್ ಈ ಯಂತ್ರದಲ್ಲಿಲ್ಲ" ಅಂತ ತಿರಸ್ಕಾರ. ಮೊದಲು ಆ ಯಂತ್ರದ ಗೇಟುಗಳಿಗೆ ಟ್ರಾನ್ಸ್‌ಪೈಲ್ ಮಾಡ್ಬೇಕು, ಅಂದ್ರೆ ಅದಕ್ಕೆ ಗೊತ್ತಿರುವ ಗೇಟುಗಳಲ್ಲೇ ಪುನಃ ಬರೆಸ್ಬೇಕು.

ಹೇಳಿದ್ದನ್ನು ಅಕ್ಷರಶಃ ಹಾಗೇ ಮಾಡುವ ಮಕ್ಕಳಿಗೆ ಹಳೇ ಪಾಠ ಕೊಟ್ರೆ ಅನ್ಯಾಯ. "ಅಲ್ಲಿ ಹಾಗುಂಟು, ಇಲ್ಲಿ ಹೀಗೆ ಯಾಕೆ" ಅಂತ ಸಿಕ್ಕಿಬೀಳ್ತಾರೆ. ಪುಸ್ತಿಕೆಯಲ್ಲಿ ಆವೃತ್ತಿಯ ನಂಬರ್ ಬರೀದೆ ಒಂದು ಸಾಲು ಕೋಡೂ ಹಾಕ್ಬೇಡಿ.

ಮಂಜೇಶ್ವರ_ಪ್ಯಾಸೆಂಜರ್
ಎಡಿಎಚ್‌ಡಿಗೆ ದೊಡ್ಡ ಶತ್ರು ಆ ಸರತಿ. ಜಾಬ್ ಕಳಿಸಿ ಮೂರು ಗಂಟೆ ಕಾಯುವಾಗ ಬೇರೆ ಹದಿನೇಳು ಟ್ಯಾಬ್ ತೆರೆದಾಗಿರ್ತದೆ, ಫಲಿತಾಂಶ ಬರುವಾಗ ಯಾವ ಪ್ರಶ್ನೆಗೆ ಕಳಿಸಿದ್ದು ಅಂತಲೇ ಮರೆತಿರ್ತದೆ. ಕಳಿಸುವ ಕೋಡಿನಲ್ಲೇ ಜಾಬ್ ಐಡಿ, ದಿನಾಂಕ, "ಇದರಿಂದ ಎಂತ ತಿಳೀಬೇಕು" ಅನ್ನುವ ಒಂದು ವಾಕ್ಯ ಫೈಲಿಗೆ ಬರೆಯುವ ಹಾಗೆ ಮಾಡಿ. ಐಡಿ ಇದ್ರೆ ಮರುದಿನವೂ ಫಲಿತಾಂಶ ತರಿಸಬಹುದು. ಸಿಮ್ಯುಲೇಟರಿನಲ್ಲಿ ಸರಿ ಬಂದ ಮೇಲೆ ಮಾತ್ರ ಯಂತ್ರಕ್ಕೆ ಕಳಿಸಿ, ಇಲ್ಲದಿದ್ರೆ ಹತ್ತು ನಿಮಿಷ ಮೊದಲ ದಿನವೇ ಖಾಲಿ.

ಕುಂಬಳೆ_ಕೋಟೆ
ಸರ್ಟಿಫಿಕೇಟ್ ವಿಷಯ ಯಾರೂ ಮಾತಾಡುದಿಲ್ಲ. ಎಡಿಎಚ್‌ಡಿಗೂ ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ) ಸಿಗ್ತದೆ, ಮಾಡಿಸಿಕೊಳ್ಳಿ.

ಮಧೂರು_ಮೆಟ್ಟಿಲು
ತಪ್ಪು ಮಾಹಿತಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ವಿಧ ಪಟ್ಟಿ ಮಾಡಿದ್ದಾರೆ. ಆಟಿಸಂ ಉಂಟು, ನಿರ್ದಿಷ್ಟ ಕಲಿಕಾ ನ್ಯೂನತೆ ಉಂಟು (ಡಿಸ್ಲೆಕ್ಸಿಯಾ, ಡಿಸ್‌ಗ್ರಾಫಿಯಾ, ಡಿಸ್‌ಕ್ಯಾಲ್ಕುಲಿಯಾ ಎಲ್ಲ ಇದರೊಳಗೆ). ಎಡಿಎಚ್‌ಡಿ ಅಂತ ಪ್ರತ್ಯೇಕ ಹೆಸರು ಇಲ್ಲ. ಎಡಿಎಚ್‌ಡಿ ಜೊತೆಗೆ ಕಲಿಕಾ ನ್ಯೂನತೆಯೂ ಇದ್ದು ಅದರ ತಪಾಸಣೆ ಆಗಿದ್ರೆ ಆ ಹೆಸರಿನಲ್ಲಿ ಸಿಗಬಹುದು.

ಮೀಸಲಾತಿಗೆ ಶೇ 40 ಬೇಕು. ಸರಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ 5 ಸೀಟು, ಗರಿಷ್ಠ ವಯಸ್ಸಿಗೆ 5 ವರ್ಷ ಸಡಿಲಿಕೆ. ಸರಕಾರಿ ಕೆಲಸದಲ್ಲಿ ಒಟ್ಟು ಶೇ 4. ಅದರಲ್ಲಿ ಆಟಿಸಂ, ಕಲಿಕಾ ನ್ಯೂನತೆ, ಬೌದ್ಧಿಕ ನ್ಯೂನತೆ, ಮಾನಸಿಕ ಕಾಯಿಲೆ, ಬಹುವಿಧ ನ್ಯೂನತೆ ಎಲ್ಲ ಸೇರಿ ಶೇ 1ರ ಪಾಲು. ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷ ಹೆಚ್ಚು. ಎಂಟೆಕ್ ಪ್ರವೇಶದ ಗೇಟ್ ಪರೀಕ್ಷೆ 3 ಗಂಟೆಯದ್ದು, ಹಾಗಾಗಿ ಒಂದು ಗಂಟೆ ಹೆಚ್ಚು ಸಿಗ್ತದೆ. ಕ್ವಾಂಟಂ ಎಂಟೆಕ್‌ಗೆ ಹೆಚ್ಚಾಗಿ ಗೇಟ್ ದಾಟಿಯೇ ಹೋಗ್ಬೇಕಾಗುವುದರಿಂದ ಇದು ಸಣ್ಣ ವಿಷಯ ಅಲ್ಲ. ಆದ್ರೆ ಅರ್ಜಿ ತುಂಬಿಸುವಾಗಲೇ ಟಿಕ್ ಹಾಕಿ ಪ್ರಮಾಣಪತ್ರ ಅಪ್‌ಲೋಡ್ ಮಾಡಿರ್ಬೇಕು. ಹಾಲ್ ಟಿಕೆಟ್ ಬಂದ ಮೇಲೆ ಹೇಳಿದ್ರೆ ಪರೀಕ್ಷಾ ಕೇಂದ್ರದವರ ಕೈಯಲ್ಲಿ ಎಂತದೂ ಇರುವುದಿಲ್ಲ.

ಶೇ 40 ಇಲ್ಲದವರಿಗೂ ಒಂದು ಬಾಗಿಲು ಉಂಟು. ವಿಕಾಸ್ ಕುಮಾರ್ ಪ್ರಕರಣದಲ್ಲಿ 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು, ಬರವಣಿಗೆಯ ತೊಂದರೆ ಇರುವವರಿಗೆ ಲಿಪಿಕಾರರನ್ನು ಕೊಡ್ಲಿಕ್ಕೆ ಶೇ 40ರ ಷರತ್ತು ಹಾಕುವ ಹಾಗಿಲ್ಲ ಅಂತ ಹೇಳಿತು. ಅದರ ಮೇಲೆ 2022ರ ಆಗಸ್ಟಿನಲ್ಲಿ ಕೇಂದ್ರದ ಮಾರ್ಗಸೂಚಿಯೂ ಬಂತು.

ಪಯಸ್ವಿನಿ_ದಡ
ಕೇರಳವಾ ಕರ್ನಾಟಕವಾ? ಇಲ್ಲಿ ಹೆಚ್ಚಿನವರು ಮಂಗಳೂರಿಗೇ ಹೋಗುವುದು.

ಮಧೂರು_ಮೆಟ್ಟಿಲು
ಯುಡಿಐಡಿಗೆ ವಿಳಾಸದ ದಾಖಲೆ ಮುಖ್ಯ. ಆಧಾರ್ ಕಾಸರಗೋಡಿನದ್ದಾದ್ರೆ ಕಾಸರಗೋಡು ಜಿಲ್ಲೆಯ ವೈದ್ಯಕೀಯ ಮಂಡಳಿಯ ದಾರಿಯೇ ಸಲೀಸು. ಕಾರ್ಡ್ ದೇಶಕ್ಕೆಲ್ಲ ಒಂದೇ, ಬೆಂಗಳೂರಿನಲ್ಲೂ ನಡೀತದೆ. ಮಂಗಳೂರಿನ ವರದಿ ವ್ಯರ್ಥ ಅಲ್ಲ, ಮಂಡಳಿಯ ಮುಂದೆ ಇಡ್ಲಿಕ್ಕೆ ಆಗ್ತದೆ.

ನಮ್ಮ ಕಡೆ ದೊಡ್ಡ ಸಮಸ್ಯೆ ಭಾಷೆ. ಮನೆಯಲ್ಲಿ ತುಳುವೋ ಹವ್ಯಕವೋ ಮರಾಠಿಯೋ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ಪ್ಲಸ್ ಟೂನಲ್ಲಿ ಇಂಗ್ಲಿಷ್. ಓದುವುದು ನಿಧಾನ ಆದ್ರೆ "ನಾಲ್ಕು ಭಾಷೆಯ ಗೊಂದಲ, ಸರಿ ಹೋಗ್ತದೆ" ಅಂತ ಬಿಟ್ಟುಬಿಡ್ತಾರೆ. ಅತ್ಲಾಗಿ, ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಮಾತ್ರ ಪರೀಕ್ಷೆ ಮಾಡಿದ್ರೆ ಭಾಷೆ ಬಾರದ್ದನ್ನೇ ನ್ಯೂನತೆ ಅಂತ ಬರೆಯುವ ಅಪಾಯ. ಕಲಿತ ಭಾಷೆಯಲ್ಲೇ ಪರೀಕ್ಷೆ ಆಗ್ಬೇಕು, ವರದಿಯಲ್ಲಿ "ಪರೀಕ್ಷೆ ಕನ್ನಡದಲ್ಲಿ ನಡೆಯಿತು" ಅಂತ ಬರೆಸಿ. ಕನ್ನಡದಲ್ಲಿ ಮಾಡುವವರು ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದ್ದಾರೆ. ಕನ್ನಡ ಬರೆದ ಹಾಗೆ ಓದುವ ಲಿಪಿ, ಹಾಗಾಗಿ ಅಕ್ಷರ ತಪ್ಪುವುದಕ್ಕಿಂತ ಓದು ಎಳೆಯುವುದು, ಒತ್ತಕ್ಷರ ಬಿಡುವುದು, ಹ್ರಸ್ವ ದೀರ್ಘ ಮಿಶ್ರ ಆಗುವುದು ಹೆಚ್ಚು ಕಾಣ್ತದೆ. ಇಂಗ್ಲಿಷ್ ಬಂದ ಕೂಡ್ಲೇ ಪೂರ್ತಿ ಮುಗ್ಗರಿಸುವುದು. ಪ್ಲಸ್ ಟೂನಲ್ಲಿ ಹಠಾತ್ ಮಾರ್ಕು ಬಿದ್ದ ಮಕ್ಕಳನ್ನು ಈ ಕಣ್ಣಿನಿಂದಲೂ ನೋಡ್ಬೇಕು.

ಇನ್ನೊಂದು ಸಣ್ಣ ಮುಳ್ಳು: ಹೆಸರು. ಒಂದರಲ್ಲಿ ಇನಿಶಿಯಲ್ ಮೊದಲು, ಒಂದರಲ್ಲಿ ಕೊನೆಗೆ. ಮಲಯಾಳದ ಉಚ್ಚಾರಕ್ಕೆ ಇಂಗ್ಲಿಷ್ ಸ್ಪೆಲ್ಲಿಂಗ್ ಬೇರೆ. ಆಧಾರ್, ಎಸ್ಸೆಸ್ಸೆಲ್ಸಿ, ಯುಡಿಐಡಿ ಮೂರರಲ್ಲೂ ಒಂದೇ ಸ್ಪೆಲ್ಲಿಂಗ್ ಆಗುವ ವರೆಗೆ ಬಿಡ್ಬೇಡಿ. ಸಣ್ಣ ಪ್ರಾಯದಲ್ಲಿ ಮಾಡಿಸಿದ ಸರ್ಟಿಫಿಕೇಟಿಗೆ ಅವಧಿ ಇರಬಹುದು, ಗೇಟ್ ಅರ್ಜಿಯ ವರ್ಷ ಅದು ಮುಗಿದಿರದ ಹಾಗೆ ನೋಡಿ.

ಅಡಿಕೆಸೋಗೆ
ಇಷ್ಟೆಲ್ಲ ಮಾಡಿ ಹೆಸರಿಗೆ ಒಂದು ಲೇಬಲ್ ಅಂಟಿಸಿಕೊಳ್ಳುವುದು. ಖಾಸಗಿ ಕಂಪನಿಯವರಿಗೆ ಹೇಳಿದ್ರೆ ಕೆಲಸವೇ ಕೊಡುದಿಲ್ಲ.

ಚಂದ್ರಗಿರಿ_ಹೊಳೆ
ಹೇಳ್ಲೇಬೇಕು ಅಂತ ಯಾರು ಅಂದ್ರು? ಪರೀಕ್ಷೆಗೆ ಕಾಗದ ಬೇಕು, ಸಂದರ್ಶನಕ್ಕೆ ಬೇಕಾದದ್ದು ಅನುಕೂಲ ಮಾತ್ರ. ರೋಗದ ಹೆಸರು ಹೇಳದೆ ಅನುಕೂಲ ಕೇಳಬಹುದು. ಮೇಲ್ ಮೂರು ಸಾಲು ಸಾಕು:

"ಸಂದರ್ಶನ ಎಷ್ಟು ಹೊತ್ತು, ಎಷ್ಟು ಜನ ಇರುತ್ತಾರೆ, ಬೋರ್ಡಿನಲ್ಲಿ ಲೆಕ್ಕ ಮಾಡಬೇಕೇ ಎಂದು ತಿಳಿಸುತ್ತೀರಾ? ಕೋಡಿಂಗ್ ಪ್ರಶ್ನೆಗಳನ್ನು ಬರೆದು ಕೊಟ್ಟರೆ ನನ್ನ ಉತ್ತರ ಉತ್ತಮವಾಗಿರುತ್ತದೆ. ಆನ್‌ಲೈನ್ ಆದರೆ ಕ್ಯಾಮೆರಾ ಆಫ್ ಇಡಬಹುದೇ?"

ಇದಕ್ಕೆ ಸಿಡಿಮಿಡಿ ಮಾಡುವ ತಂಡ ಮುಂದೆ ಹೇಗಿರ್ತದೆ ಅಂತ ಅಲ್ಲೇ ಗೊತ್ತಾಯ್ತು. ಕಾಯ್ದೆಯ ಪ್ರಕಾರ ಸಮಾನ ಅವಕಾಶದ ನೀತಿಯನ್ನು ಖಾಸಗಿಯವರೂ ಪ್ರಕಟಿಸ್ಬೇಕು. ಅದರ ಪ್ರತಿ ಕೇಳಿ ಓದಿ.

ಪೊವ್ವಲ್_ಗುಡ್ಡೆ
ಸಂದರ್ಶನದಲ್ಲಿ ಬಾಯಿ ಬಾರದವರಿಗೆ ಕೈಯಲ್ಲಿ ತೋರಿಸುವ ಕೆಲಸ ಇರ್ಬೇಕು. ಸಾಧಾರಣ ಲ್ಯಾಪ್‌ಟಾಪಿನಲ್ಲಿ ಆಗುವ, ನಿಜವಾಗಿ ಬೆಲೆ ಇರುವ ಒಂದು ಪ್ರಾಜೆಕ್ಟ್ ಹೇಳ್ತೇನೆ: ದೋಷ ತಿದ್ದುವ ಸರ್ಫೇಸ್ ಕೋಡ್, ಅಂದ್ರೆ ತಪ್ಪು ಮಾಡುವ ಹಲವು ಕ್ಯೂಬಿಟ್ ಸೇರಿಸಿ ನಂಬಬಹುದಾದ ಒಂದು ಕ್ಯೂಬಿಟ್ ಕಟ್ಟುವ ವಿಧಾನ.

ಕೋಡಿನ ಗಾತ್ರಕ್ಕೆ "ದೂರ" ಅಂತಾರೆ. ಅದು ಡಿ ಆದ್ರೆ ಕ್ಯೂಬಿಟ್ ಸಂಖ್ಯೆ ಎರಡು ಸಲ ಡಿ ವರ್ಗ, ಅದರಲ್ಲಿ ಒಂದು ಕಮ್ಮಿ. 3ಕ್ಕೆ 17, 5ಕ್ಕೆ 49, 7ಕ್ಕೆ 97. ಮಾಮೂಲಿ ಸಿಮ್ಯುಲೇಟರಿನಲ್ಲಿ 97 ಸಾಧ್ಯವೇ ಇಲ್ಲ. ಆದ್ರೆ ಸ್ಟಿಮ್ ಅನ್ನುವ ಉಚಿತ ಪ್ಯಾಕೇಜ್ ಕ್ಲಿಫರ್ಡ್ ಗೇಟುಗಳನ್ನಷ್ಟೇ (ಮಾಮೂಲಿ ಕಂಪ್ಯೂಟರಿಗೆ ಸುಲಭ ಆಗುವ ಗೇಟುಗಳ ಗುಂಪು) ಲೆಕ್ಕ ಹಾಕುವುದರಿಂದ ಸಾವಿರ ಕ್ಯೂಬಿಟನ್ನೂ ನುಂಗ್ತದೆ. ದೋಷ ಎಲ್ಲಿ ಆಯ್ತು ಅಂತ ಊಹಿಸ್ಲಿಕ್ಕೆ ಪೈಮ್ಯಾಚಿಂಗ್. ಭೌತಿಕ ದೋಷ ಶೇ 0.1ರಿಂದ ಶೇ 1.5ರ ವರೆಗೆ ಬದಲಿಸ್ತಾ ತಿದ್ದಿದ ಮೇಲೂ ಉಳಿಯುವ ದೋಷ ಎಷ್ಟು ಅಂತ 3, 5, 7ಕ್ಕೆ ಮೂರು ಗೆರೆ ಎಳೆಯಿರಿ. ಶೇ 1ರ ಆಸುಪಾಸಿನಲ್ಲಿ, ಸ್ವಲ್ಪ ಕೆಳಗೇ ಅನ್ನಿ, ಗೆರೆಗಳು ಒಂದನ್ನೊಂದು ದಾಟ್ತವೆ. ಅದರ ಎಡಕ್ಕೆ ದೊಡ್ಡ ಕೋಡ್ ಒಳ್ಳೆದು, ಬಲಕ್ಕೆ ದೊಡ್ಡ ಕೋಡ್ ಇನ್ನೂ ಹಾಳು. 2024ರಲ್ಲಿ ಗೂಗಲ್ಲಿನ 105 ಕ್ಯೂಬಿಟಿನ ವಿಲ್ಲೋ ಚಿಪ್ ತೋರಿಸಿದ್ದು ಇದೇ ಎಡಬದಿಯನ್ನು, ದೂರ ಎರಡೆರಡು ಹೆಚ್ಚಿದಾಗ ದೋಷ 2.14 ಪಟ್ಟು ಇಳಿಯಿತು.

ತಪ್ಪು ಆಗುವುದು ಎಲ್ಲಿ? ಸ್ಟಿಮ್ ತಾನೇ ಸರ್ಕ್ಯೂಟ್ ಕಟ್ಟಿ ಕೊಡುವಾಗ ನಾಲ್ಕು ಜಾಗದ ದೋಷ ಕೇಳ್ತದೆ: ಗೇಟಿನ ನಂತರ, ಪ್ರತಿ ಸುತ್ತಿನ ಮೊದಲು, ಅಳತೆಯ ಮೊದಲು, ರೀಸೆಟ್ ನಂತರ. ಗೇಟಿನದ್ದು ಮಾತ್ರ ತುಂಬಿಸಿ ಉಳಿದದ್ದು ಬಿಟ್ರೆ ಅದು ಶೂನ್ಯ ಅಂತ ತಗೊಳ್ತದೆ, ಎರರ್ ಬರುವುದಿಲ್ಲ, ಗ್ರಾಫ್ ಮಾತ್ರ ಬಹಳ ಚಂದ ಬರ್ತದೆ. ಚಂದ ಬಂದ್ರೆ ಸಂಶಯ ಪಡಿ. ಎರಡನೆಯದು, ದೋಷ ಹತ್ತು ಲಕ್ಷಕ್ಕೆ ಒಂದು ಇರುವ ಕಡೆ ಒಂದು ಲಕ್ಷ ಶಾಟ್ (ಸಲ) ಓಡಿಸಿ "ಸೊನ್ನೆ ದೋಷ" ಅಂತ ಬರೆಯುವುದು. ಕಮ್ಮಿಯಲ್ಲಿ ಕಮ್ಮಿ ನೂರು ದೋಷ ಸಿಗುವ ವರೆಗೆ ಓಡಿಸ್ಬೇಕು. ರಾತ್ರಿ ಬಿಟ್ಟು ಮಲಗಿ.

ಬಾಯಿಮಾತಿಲ್ಲದೆ ಕೆಲಸ ತೋರಿಸುವ ಇನ್ನೊಂದು ಜಾಗ ಯುನಿಟರಿ ಫೌಂಡೇಷನ್ ಪ್ರತಿ ವರ್ಷ ನಡೆಸುವ ಯುನಿಟರಿಹ್ಯಾಕ್. ಮುಕ್ತ ಕೋಡಿನ ಒಂದೊಂದು ಸಮಸ್ಯೆಗೂ ಬಹುಮಾನದ ಮೊತ್ತ ಮೊದಲೇ ಬರೆದಿರ್ತದೆ. ಬೇಕಾದದ್ದು ಆರಿಸಿ, ಸರಿ ಮಾಡಿ ಕಳಿಸಿ. ಯಾರ ಮುಖವನ್ನೂ ನೋಡ್ಬೇಕಾಗಿಲ್ಲ.

ಬೇಕಲ_ಗಾಳಿ
ಭೌತಶಾಸ್ತ್ರ ಬೇಡ, ವಿವರದ ಕೆಲಸ ಇಷ್ಟ ಅನ್ನುವವರಿಗೆ ಕ್ವಾಂಟಂ ನಂತರದ ಗೂಢಲಿಪಿಯೂ (ಕ್ವಾಂಟಂ ಕಂಪ್ಯೂಟರಿಗೂ ಮುರೀಲಿಕ್ಕೆ ಕಷ್ಟ ಆಗುವಂಥದ್ದು) ಉಂಟು. ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2024ರ ಆಗಸ್ಟಿನಲ್ಲಿ ಮೂರು ಮಾನದಂಡ ಹೊರಡಿಸಿತು, ಫಿಪ್ಸ್ 203, 204, 205. ಬ್ಯಾಂಕು, ಟೆಲಿಕಾಂ ಎಲ್ಲ ಹಳೇ ಕೀಲಿ ಬದಲಿಸ್ಬೇಕು. ಮೊದಲ ಕೆಲಸ ಪಟ್ಟಿ: ಯಾವ ಸರ್ವರಿನಲ್ಲಿ ಯಾವ ಕೀಲಿ, ಯಾವಾಗ ಮುಗೀತದೆ. ಹಳೇ ಎಕ್ಸ್25519 ಕೀಲಿ 32 ಬೈಟ್, ಹೊಸ ಎಂಎಲ್-ಕೆಇಎಂ-768ರದ್ದು 1184 ಬೈಟ್. ಅಷ್ಟು ದೊಡ್ಡದಾದಾಗ ಮೊದಲ ಸಂದೇಶ ಒಂದೇ ಪ್ಯಾಕೆಟಿನಲ್ಲಿ ಹಿಡಿಸದೆ ಹಳೇ ಫೈರ್‌ವಾಲ್ ಎರಡನೆಯದ್ದನ್ನು ಬಿಸಾಡ್ತದೆ, ಸಂಪರ್ಕ ಸುಮ್ಮನೆ ನಿಲ್ತದೆ. ಅಂಥದ್ದನ್ನು ಹುಡುಕುವ ತಾಳ್ಮೆ ಇದ್ದವರು ಮನೆಯಲ್ಲೇ ಕೂತು ಮಾಡಬಹುದು.

ಕುಂಬಳೆ_ಕೋಟೆ
ಎಂಟ್ಯಾಂಗಲ್‌ಮೆಂಟ್‌ಗೆ (ಎರಡು ಕ್ಯೂಬಿಟಿನ ಸ್ಥಿತಿ ಒಂದಕ್ಕೊಂದು ಬೆಸೆದಿರುವುದು) ಪುಸ್ತಿಕೆಯಲ್ಲಿ ಕನ್ನಡ ಎಂತ ಹಾಕ್ತೀರಿ? "ತೊಡಕು" ಚಂದ ಉಂಟು.

ಅಡಿಕೆಸೋಗೆ
ತೊಡಕು ಅಂದ್ರೆ ಸಮಸ್ಯೆ ಅಂತ ಓದ್ತಾರೆ. "ಹೆಣಿಗೆ" ಹಾಕಿ.

ಮಂಜೇಶ್ವರ_ಪ್ಯಾಸೆಂಜರ್
ಹೆಣಿಗೆ ಆದ್ರೆ ಬುಟ್ಟಿ ನೆನಪಾಗ್ತದೆ. ಎಂಟ್ಯಾಂಗಲ್‌ಮೆಂಟ್ ಅಂತಲೇ ಇರ್ಲಿ. ಪರೀಕ್ಷೆಯಲ್ಲಿ ಬರುವ ಶಬ್ದ ಅದೇ, ಅಕ್ಷರಶಃ ಓದುವ ಮಗುವಿಗೆ ಒಂದು ವಸ್ತುವಿಗೆ ಎರಡು ಹೆಸರು ಕೊಟ್ಟು ಪೇಚಿಗೆ ಸಿಕ್ಕಿಸ್ಬೇಡಿ.

ಚಂದ್ರಗಿರಿ_ಹೊಳೆ
ದಾರಿ ಕೇಳಿದ್ರೆ ಹತ್ತಿರದ್ದೂ ಬರೀರಿ. ಕಾಸರಗೋಡು ಸರಕಾರಿ ಕಾಲೇಜಿನಲ್ಲಿ ಭೌತಶಾಸ್ತ್ರ, ಪೊವ್ವಲ್‌ನ ಎಲ್‌ಬಿಎಸ್‌ನಲ್ಲಿ ಎಂಜಿನಿಯರಿಂಗ್, ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಎಂಎಸ್‌ಸಿ, ಅದಕ್ಕೆ ಸಿಯುಇಟಿ ಪರೀಕ್ಷೆ. ಮನೆಯ ಊಟ, ಗೊತ್ತಿದ್ದ ಬಸ್ಸು ಬಿಟ್ಟು 17ನೇ ವರ್ಷಕ್ಕೆ ಬೆಂಗಳೂರಿನ ಹಾಸ್ಟೆಲಿಗೆ ಹಾಕಿದ್ರೆ ಕೆಲವು ಮಕ್ಕಳು ಸದ್ದಿನಿಂದಲೇ ಸುಸ್ತಾಗ್ತಾರೆ, ಫಿಸಿಕ್ಸಿನಿಂದ ಅಲ್ಲ. ಐದು ವರ್ಷ ಇಲ್ಲೇ ಓದಿ ಆಮೇಲೆ ಗೇಟ್ ಬರೆದು ಹೋದ್ರೆ ಎಂತ ನಷ್ಟ?

ಅಡಿಕೆಸೋಗೆ
ಪೆರಿಯಕ್ಕೆ ಹೋಗುವ ಬಸ್ಸಿನ ಹಾರ್ನ್ ಕೇಳಿದ್ದೀರಾ ನೀವು? ಪಲ್ಸ್ ಟ್ಯೂಬೇ ವಾಸಿ.

ಪಯಸ್ವಿನಿ_ದಡ
😄 ನಾಲ್ಕು ಪುಟ ಈಗ ಏಳು ಆಯ್ತು. ಹೀಲಿಯಂ_ಮೂರು ಅವರ ಎರಡು ಪ್ರಶ್ನೆ ಪೆಟ್ಟಿಗೆಯೊಳಗೆ, ಮೇಲ್ ಮಾದರಿ ಹಾಗೇ, ಎಡಿಎಚ್‌ಡಿ ಪಟ್ಟಿಯಲ್ಲಿ ಇಲ್ಲ ಅನ್ನುವುದು ದಪ್ಪಕ್ಷರದಲ್ಲಿ. ಸೀನಾಟ್ ಚಿತ್ರ ಮೊದಲ ಪುಟಕ್ಕೆ: ಪುಸ್ತಕದ ಕ್ರಮ ಎಡಕ್ಕೆ, ಕಿಸ್ಕಿಟ್ ಬಲಕ್ಕೆ. ಕಿಸ್ಕಿಟ್‌ನಲ್ಲಿ 2 ಮತ್ತು 3ನೇ ಸಾಲು ಅದಲುಬದಲು ಅಲ್ವಾ?

ಶೂನ್ಯ_ಒಂದು
2 ಮತ್ತು 4! 2 ಮತ್ತು 3 ಅದಲುಬದಲಾದ್ರೆ ಅದು ಸ್ವಾಪ್ ಗೇಟ್. ಪ್ರಿಂಟಿಗೆ ಕೊಡುವ ಮೊದಲು ಪ್ರೂಫ್ ಇಲ್ಲಿ ಹಾಕಿ ಮಾರಾಯ್ರೆ.